ಸಾಕು

ಮಂಗಳವಾರ ಬೆಳಿಗ್ಗೆ ಏಳೂವರೆಗೆ
ಮುಹರ್ರಕ್ಕಿನ ಕ್ಲಿನಿಕ್ಕಿಗೆ ಹಮ್ಮಬ್ಬ ಬರುತ್ತಾರೆ.
ಚಪ್ಪಲಿ ಹೊರಗೆ ಬಿಟ್ಟು
(ಬೇಡ ಅಂದರೂ ಬಿಟ್ಟು)
ತೂಕದ ಮೆಷಿನ್ ಹತ್ತುವ ಮೊದಲು ಕಿಸೆ ಖಾಲಿ ಮಾಡುತ್ತಾರೆ:
ಬೀಗದಕೈ, ಫೋನು, ತಸ್ಬೀಹ್,
ಎರಡು ಏಲಕ್ಕಿ.
ಏಲಕ್ಕಿಗೆಷ್ಟು ತೂಕ, ಅಂದೆ.
ಇರಲಿ ಸಿಸ್ಟರೇ, ಸುಳ್ಳು ಲೆಕ್ಕ ಬೇಡ, ಅಂದರು.

ಮೊದಲ ವಾರ ನೂರಾ ಹದಿನೆಂಟು ಕಿಲೋ.
ಮೂವತ್ತೊಂದು ವರ್ಷದ ಮದುವೆಯಡುಗೆ,
ಹಂಡೆಗೊಂದು ಸೌಟಿನಂತೆ ರುಚಿ ನೋಡಿದ್ದು.

ನನ್ನ ಕೆಲಸ ಸಣ್ಣದು.
ಫ್ರಿಜ್ಜಿನಿಂದ ಪೆನ್ನು ತೆಗೆಯುವುದು. ಒಳಗೆ ನಾಲ್ಕು ಡಿಗ್ರಿ,
ಕಿಟಕಿಯಾಚೆ ನಲವತ್ತಾರು.
ಹೊಕ್ಕುಳಿಂದ ನಾಲ್ಕು ಬೆರಳು ಬಿಟ್ಟು
ಚರ್ಮ ಹಿಡಿದು, ಚುಚ್ಚಿ, ಹತ್ತರ ತನಕ ಎಣಿಸುವುದು.
ಮದ್ದಿಗೆ ಇನ್ನೂ ಹೆಸರಿಲ್ಲ, ಬರೀ ನಂಬರು.
ಕಾಗದದಲ್ಲಿ ಹಮ್ಮಬ್ಬರಿಗೂ ಹೆಸರಿಲ್ಲ: ಸೊನ್ನೆ ನಲವತ್ತೇಳು.
ಪೆನ್ನಿನಲ್ಲಿರುವುದು ಮದ್ದೋ ನೀರೋ
ಅವರಿಗೆ ಗೊತ್ತಿಲ್ಲ, ನನಗೂ ಇಲ್ಲ, ಡಾಕ್ಟರಿಗೂ ಇಲ್ಲ.
ದೂರದಲ್ಲೆಲ್ಲೋ ಒಂದು ಕಂಪ್ಯೂಟರಿಗೆ ಗೊತ್ತಂತೆ.

ಪೆಪ್ಟೈಡ್ ಅಂದರೆ ಎಂತ, ಕೇಳಿದ್ದರು.
ಮಣಿ ಪೋಣಿಸಿದ ಹಾಗಂತೆ, ಅಂದೆ.
ನನಗೆ ಶಿರ್ವದ ಅಜ್ಜಿಯ ಜಪಸರ ನೆನಪಾಯಿತು,
ಅವರು ತಟ್ಟೆಯಲ್ಲಿದ್ದ ತಸ್ಬೀಹ್ ನೋಡಿದರು.
ಉಂಡ ಮೇಲೆ ಕರುಳು ಕಟ್ಟುವ ಸರ ಅದು,
ಮಿದುಳಿಗೆ ಒಂದೇ ಮಾತು ಹೇಳಲಿಕ್ಕೆ:
ಸಾಕು.
ಹೇಳಿ ಮುಗಿಸುವಷ್ಟರಲ್ಲಿ ಕಡಿದುಹೋಗುತ್ತದೆ.
ಇದು ಕಡಿಯದ ಹಾಗೆ ಹೊಸೆದದ್ದು,
ವಾರವಿಡೀ ಹೇಳುತ್ತಲೇ ಇರುತ್ತದೆ.

ಆರನೇ ವಾರ ನೂರಾ ಹನ್ನೆರಡು.
ಒಂಬತ್ತಕ್ಕೆ ನೂರಾ ಎಂಟು.
ಬೆಲ್ಟಿಗೆ ಮೊಳೆ ಹೊಡೆದು ಮಾಡಿದ ಹೊಸ ತೂತು.
ಡಾಕ್ಟರು ಬೆನ್ನು ತಟ್ಟಿದರು.
ಹಮ್ಮಬ್ಬ ನಗಲಿಲ್ಲ.

"ಉಪ್ಪು ಗೊತ್ತಾಗ್ತದೆ ಸಿಸ್ಟರೇ. ಹುಳಿಯೂ ಗೊತ್ತಾಗ್ತದೆ.
ನಾಲಗೆ ಸರಿ ಉಂಟು.
ಅದರ ಹಿಂದೆ ಒಬ್ಬ ಇದ್ದ ನೋಡಿ,
ಇನ್ನೊಂದು ಸೌಟು ಹಾಕು ಅಂತ ಕೈ ಜಗ್ಗುವವ,
ಅವ ಇಲ್ಲ."

ಮತ್ತೆ ಅಂಗಿಯ ಗುಂಡಿ ಹಾಕುತ್ತ, ಗೋಡೆಗೆ ಹೇಳಿದ ಹಾಗೆ:
"ದಕ್ಕೆಯಲ್ಲಿ ಐಸು ಹೊರುವಾಗ ನನಗೆ ಹನ್ನೊಂದು ವರ್ಷ.
ಬುಟ್ಟಿಯಿಂದ ಬಿದ್ದ ಬಂಗುಡೆ ಹೆಕ್ಕಿಸಿದ್ದು ಹಸಿವು.
ಬೊಂಬಾಯಿಯಲ್ಲಿ ಪಾತ್ರೆ ತಿಕ್ಕಿಸಿದ್ದೂ ಅದೇ.
ವೀಸಾದಲ್ಲಿ ಯಾವ ಅರಬಿಯ ಹೆಸರಾದರೂ ಇರಲಿ,
ನನ್ನ ಕಫೀಲ ಅದು.
ಸಾಕಿದ್ದು ಅದು. ಸಾಕಿದ್ದಕ್ಕೇ
ಸಾಕು ಅನ್ನುವುದು ಹೇಗೆ?"

ನನ್ನ ಫಾರಮ್ಮಿನಲ್ಲಿ ಖಾನೆಗಳಿವೆ:
ಓಕರಿಕೆ, ವಾಂತಿ, ಮಲಬದ್ಧತೆ,
ಸೂಜಿ ಹೋದಲ್ಲಿ ಕೆಂಪು.
ಕೊನೆಗೆ 'ಇತರೆ', ಒಂದು ಬೆರಳಿನಗಲ ಜಾಗ.
ಅಲ್ಲಿ ಕೈ ನಿಂತಿತು.
ಆಮೇಲೆ ಅಡ್ಡಗೆರೆ ಎಳೆದೆ.

ಆ ರಾತ್ರಿ ಗುದೈಬಿಯಾದ ಕೋಣೆಯಲ್ಲಿ,
ನಾಲ್ಕು ಮಂಚ, ಒಂದು ಫ್ರಿಜ್ಜು,
ಹಾಲಿನ ಪ್ಯಾಕೆಟ್ಟಿಗೂ ಅವರವರ ಹೆಸರಿನ ಪಟ್ಟಿ,
ಹಸಿವಿಲ್ಲದೆ ಎದ್ದು ಬಾಗಿಲು ತೆಗೆದೆ.
ಬೆಳಕು ಬಂತು. ನೋಡಿದೆ. ಮುಚ್ಚಿದೆ.

ಇಪ್ಪತ್ತನೇ ವಾರ, ಕೊನೆಯ ಸೂಜಿ. ತೊಂಬತ್ತೊಂಬತ್ತು.
"ನಮಾಜಿಗೆ ಈಗ ಕುರ್ಚಿ ಬೇಡ ಸಿಸ್ಟರೇ,
ಹಣೆ ನೆಲ ಮುಟ್ಟುತ್ತದೆ.
ಅದನ್ನೂ ಬರೆದುಕೊಳ್ಳಿ."
ಆಮೇಲೆ ಮೇಜಿನ ಮೇಲೆ ಸ್ಟೀಲಿನ ಡಬ್ಬಿ.
ಉಡುಗೊರೆ ತೆಗೆದುಕೊಳ್ಳುವ ಹಾಗಿಲ್ಲ, ಅಂದೆ.
"ಉಡುಗೊರೆ ಯಾರು ಕೊಟ್ಟರು?
ಇಷ್ಟು ದಿನ ನೀವು ನನ್ನ ಮೇಲೆ ಪರೀಕ್ಷೆ ಮಾಡಿದಿರಿ,
ಇದು ನನ್ನದು."

ನೈಪತ್ತಿರಿ, ಆಡಿನ ಮಾಂಸದ ಗಸಿ.
ಉಪ್ಪು ಒಂದು ಚಿಟಿಕೆ ಮುಂದೆ ಹೋಗಿತ್ತು.
ನಿಂತೇ ತಿಂದೆ, ಬೆರಳಲ್ಲಿ ಡಬ್ಬಿಯ ಮೂಲೆ ಒರೆಸಿ.

ಸಂಜೆ ಫೋನು ಬಂತು.
ಉಪ್ಪು?
ಸರಿ ಉಂಟು, ಅಂದೆ.
ಇನ್ನೂ ಬೇಕು ಅನಿಸಿತಾ?
ಅನಿಸಿತು.

ಆ ಕಡೆಯಿಂದ ಸ್ವಲ್ಪ ಹೊತ್ತು
ಹಂಡೆ ಕುದಿಯುವ ಸದ್ದು ಮಾತ್ರ.